ಕಡಲ ಮೀನಿನ ನಾಡಿ ನೋಡುವವರು
ಉಪ್ಪುನೀರಿನ ಮೀನಿನ ಚಿಕಿತ್ಸೆಯಲ್ಲಿ ಔಷಧಿಗಿಂತ ಮೆಚ್ಚಬೇಕಾದದ್ದು ನೋಟದ ಸೂಕ್ಷ್ಮ. ಮೈಮೇಲೆ ಉಪ್ಪಿನ ಹರಳು ಉದುರಿಸಿದಂಥ ಬಿಳಿ ಚುಕ್ಕೆಗಳಿದ್ದರೆ ಕ್ರಿಪ್ಟೊಕ್ಯಾರಿಯಾನ್ ಎಂಬ ಪರಾವಲಂಬಿಯ ಗುಮಾನಿ. ಚುಕ್ಕೆ ಧೂಳಿನಷ್ಟು ನವುರಾಗಿದ್ದು, ಓರೆ ಬೆಳಕಿನಲ್ಲಷ್ಟೇ ಕಂಡು, ಕಿವಿರು ಪಟಪಟ ಬಡಿಯುತ್ತಿದ್ದರೆ ಅಮಿಲೂಡಿನಿಯಂ ಎಂಬ ಇನ್ನೊಂದು ಪರಾವಲಂಬಿ ಇರಬಹುದು. ಅದಾದರೆ ಕಾಯಲು ಪುರುಸೊತ್ತಿಲ್ಲ. ಆದರೂ ಮೊದಲು ನೀರಿನ ಅಮೋನಿಯ ಅಳೆಯಬೇಕು, ಅದೂ ಏದುಸಿರು ತರಿಸುತ್ತದೆ.

ಕ್ರಿಪ್ಟೊಕ್ಯಾರಿಯಾನ್ ಚುಕ್ಕೆಗಳು ಕೆಲವು ದಿನಗಳಲ್ಲಿ ತಾವೇ ಉದುರುತ್ತವೆ. ಹೊಸಬರು ಗುಣವಾಯಿತೆಂದು ನಂಬಿ ಕೆಡುವುದು ಇಲ್ಲೇ. ಉದುರಿದ್ದು ತೊಟ್ಟಿಯ ತಳದಲ್ಲಿ ಕೋಶ ಕಟ್ಟಿ, ಮರಿಗಳಾಗಿ ಒಡೆದು ಮತ್ತೆ ಮೀನನ್ನು ಹುಡುಕಿ ಬರುತ್ತದೆ. ತಾಮ್ರದ ಔಷಧಿ ತಾಗುವುದು ಈಜಾಡುವ ಆ ಮರಿಗಳಿಗೆ ಮಾತ್ರ. ಹಾಗಾಗಿ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಮುಕ್ತ ತಾಮ್ರವನ್ನು ವಾರಗಟ್ಟಲೆ, ದಿನವೂ ಪರೀಕ್ಷಿಸಿ ಕಾಯ್ದುಕೊಳ್ಳಬೇಕು. ಹವಳ, ಸೀಗಡಿಗಳಿಗೆ ತಾಮ್ರ ವಿಷ. ಚಿಕಿತ್ಸೆಗೆ ಬೇರೆ ತೊಟ್ಟಿಯೇ ಆಗಬೇಕು.