ಯುದ್ಧದ ಕಟ್ಟುಪಾಡುಗಳು: ತನಿಷಾ ಫಜಲರ ಸಂಶೋಧನೆಯ ಒಂದು ಪರಾಮರ್ಶೆ

ಅಂತರರಾಷ್ಟ್ರೀಯ ಕಟ್ಟುಪಾಡುಗಳು ಯುದ್ಧಮಾಡುವ ರಾಜ್ಯಗಳ ನಡತೆಯನ್ನು ಎಷ್ಟರಮಟ್ಟಿಗೆ ತಿದ್ದಬಲ್ಲುವೆಂಬುದನ್ನು ಜೀವಮಾನದ ವ್ಯಾಸಂಗವಾಗಿ ಕೈಗೊಂಡವರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರದ ಪ್ರಾಧ್ಯಾಪಕಿ ತನಿಷಾ ಫಜಲರು ಗಣ್ಯರು.

2007ರಲ್ಲಿ ಪ್ರಕಟವಾದ ‘ಸ್ಟೇಟ್ ಡೆತ್’ ಎಂಬ ಅವರ ಗ್ರಂಥ 1816ರಿಂದೀಚೆಗೆ ಅಳಿದ ರಾಜ್ಯಗಳನ್ನು ಕುರಿತದ್ದು. ಪರಸ್ಪರ ವೈರವುಳ್ಳ ಎರಡು ರಾಜ್ಯಗಳ ನಡುವೆ ಸಿಲುಕಿದುದಕ್ಕೆ ಅಳಿವಿನ ಭಯ ಹೆಚ್ಚೆಂದೂ, 1945ರ ಬಳಿಕ ಪರರಾಜ್ಯವನ್ನು ಗೆದ್ದು ಸೇರಿಸಿಕೊಳ್ಳುವುದು ನಿಷಿದ್ಧವೆಂಬ ಕಟ್ಟುಪಾಡು ಬೇರೂರಿದುದರಿಂದ ಅಂಥ ಮರಣಗಳು ವಿರಳವಾದುವೆಂದೂ ಅವರ ಸಿದ್ಧಾಂತ. 1990ರಲ್ಲಿ ಇರಾಕು ಕಬಳಿಸಿದ ಕುವೈತು ಮರುವರ್ಷವೇ ಸ್ವತಂತ್ರವಾದುದನ್ನು ಇಲ್ಲಿ ನೆನೆಯಬಹುದು.

2018ರ ‘ವಾರ್ಸ್ ಆಫ್ ಲಾ’ ಗ್ರಂಥದ ವಾದ ಇನ್ನೂ ಸೂಕ್ಷ್ಮ. ಯುದ್ಧನಿಯಮಗಳು ಬೆಳೆದಂತೆಲ್ಲ ಅವುಗಳ ಹೊರೆಗೆ ಅಂಜಿದ ರಾಜ್ಯಗಳು ಯುದ್ಧವನ್ನು ವಿಧಿವತ್ತಾಗಿ ಘೋಷಿಸುವುದನ್ನೂ ಶಾಂತಿಕೌಲಿನಿಂದ ಮುಗಿಸುವುದನ್ನೂ ಬಿಡುತ್ತ ಬಂದುವು. ಪ್ರತ್ಯೇಕ ರಾಜ್ಯವನ್ನು ಬಯಸುವ ದಂಗೆಕಾರರಾದರೋ ಜಗತ್ತಿನ ಮನ್ನಣೆಯ ಆಸೆಯಿಂದ ಆ ನಿಯಮಗಳ ಕಡೆಗೆ ಒಲಿದರು ಎಂಬುದು ಅದರ ಸಾರ. 1962ರ ಭಾರತ–ಚೀನಾ ಯುದ್ಧದಲ್ಲಿ ವಿಧಿವತ್ತಾದ ಘೋಷಣೆಯೂ ಇರಲಿಲ್ಲ, ಶಾಂತಿಕೌಲೂ ಆಗಲಿಲ್ಲವೆಂಬುದನ್ನು ಬಲ್ಲ ನಮಗೆ ಈ ಮಾತು ದೂರದ್ದಲ್ಲ.

ಆದರೂ ಒಂದು ಆಕ್ಷೇಪಕ್ಕೆ ಎಡೆಯುಂಟು. 1949ರ ಜಿನೀವಾ ಒಪ್ಪಂದಗಳ ಎರಡನೆಯ ವಿಧಿಯಂತೆ, ಘೋಷಣೆಯಿಲ್ಲದ ಕದನಕ್ಕೂ ಅವು ಅನ್ವಯಿಸುತ್ತವೆ. ಘೋಷಿಸದ ಮಾತ್ರಕ್ಕೆ ಹೊರೆ ತಪ್ಪದು. ಬಲಪ್ರಯೋಗವನ್ನೇ ನಿಷೇಧಿಸಿದ 1945ರ ವಿಶ್ವಸಂಸ್ಥೆಯ ಸನ್ನದಿಗೆ ಅಳುಕಿ ಸುಮ್ಮನಾದ ರಾಜ್ಯಗಳೂ ಇರಬಹುದು. ವಿಧಿಯ ಅಕ್ಷರ ಬೇರೆ, ಆಳುವವರ ಎಣಿಕೆ ಬೇರೆ ಎಂದು ಇದಕ್ಕೆ ಸಮಾಧಾನ ಹೇಳಬಹುದು. ಆದರೆ ಆ ಎಣಿಕೆಯನ್ನು ತಿಳಿಯಲು ಅಂಕಿಗಳ ಪಟ್ಟಿ ಸಾಲದು. ಒಂದೊಂದು ಸರ್ಕಾರದ ಕಡತಗಳನ್ನೂ ತೆರೆದು ನೋಡಬೇಕು. ಇತಿಹಾಸಕಾರನು ರಾಜ್ಯಶಾಸ್ತ್ರಜ್ಞನಿಗೆ ನೆರವಾಗಬೇಕಾದ ಎಡೆ ಇದೇ.

ಅಂಕಿಗಳನ್ನು ಕಣ್ಣುಮುಚ್ಚಿ ನಂಬುವವರು ಫಜಲರಲ್ಲ. ರಣರಂಗದ ಸಾವುಗಳು ಇಳಿದುದನ್ನು ತೋರಿಸಿ ಯುದ್ಧವೇ ಕ್ಷೀಣಿಸಿತೆಂದವರಿಗೆ, ವೈದ್ಯಕೀಯವು ಮುಂದುವರಿದು ಗಾಯಾಳುಗಳು ಬದುಕಿಕೊಳ್ಳುತ್ತಿರುವುದನ್ನು ಲೆಕ್ಕಕ್ಕೆ ತರಬೇಕೆಂದು 2014ರಲ್ಲಿ ಎಚ್ಚರಿಸಿದವರು ಅವರೇ.

2022ರಲ್ಲಿ ರಷ್ಯವು ಉಕ್ರೇನಿನ ನಾಲ್ಕು ಪ್ರಾಂತಗಳನ್ನು ತನ್ನವೆಂದು ಸಾರಿದಾಗ ಅವರ ಮೊದಲ ಸಿದ್ಧಾಂತವೇ ಪರೀಕ್ಷೆಗೆ ಒಳಗಾಯಿತು. ಅದೇ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 143 ರಾಷ್ಟ್ರಗಳು ಅದನ್ನು ಖಂಡಿಸಿದುವು. ಆದರೆ ಸೇನೆ ಹಿಂದೆಗೆಯಲಿಲ್ಲ. ಕಟ್ಟುಪಾಡು ಮುರಿದ ದಿನವೇ ಸಾಯುವುದಿಲ್ಲ. ಮುರಿದುದನ್ನು ಜಗತ್ತು ಸಹಜವೆಂದು ಒಪ್ಪಿದ ದಿನ ಸಾಯುತ್ತದೆ. ಆ ದಿನ ಬಾರದಂತೆ ಕಾಯುವುದು ಹೇಗೆಂಬ ಪ್ರಶ್ನೆಯನ್ನು ಫಜಲರ ಗ್ರಂಥಗಳು ನಮ್ಮ ಮುಂದಿರಿಸುತ್ತವೆ. ವಿದ್ಯಾರ್ಥಿಗಳು ಅವನ್ನು ಓದಬೇಕಾದುದು ಅದಕ್ಕಾಗಿ.