ಮಗ್ಗ ನೇಯುವವನು ಎಲ್ಲಿ ಹೋದ?

ಶಿಶುನಾಳ ಷರೀಫರ (1819–1889) ‘ಕೋಡಗನ ಕೋಳಿ’ ಪದ ಬರೀ ತಮಾಷೆ ಅನ್ನುವವರುಂಟು. ನಾನು ಒಪ್ಪೋದಿಲ್ಲ.

ನೇಕಾರ ಬೇರೆ, ಸೀರೆ ಬೇರೆ. ಸೃಷ್ಟಿಯನ್ನೂ ನಾವು ಹಾಗೇ ಎಣಿಸುತ್ತೇವೆ: ಮಾಡಿದವನು ಬೇರೆ, ಮಾಡಿದ್ದು ಬೇರೆ. 3ನೇ ಶತಮಾನದ ಪ್ಲಾಟಿನಸ್ ಹಾಗನ್ನಲಿಲ್ಲ. ಸೂರ್ಯನಿಂದ ಬೆಳಕು ಬರುವಂತೆ ಒಂದರಿಂದಲೇ ಎಲ್ಲವೂ ಹೊಮ್ಮುತ್ತದೆ, ಅದಕ್ಕೇ ಮರಳುತ್ತದೆ ಅಂದ. ಅವನ ಬರಹದ ಒಂದು ಭಾಗ 9ನೇ ಶತಮಾನದಲ್ಲಿ ಅರಿಸ್ಟಾಟಲನ ಹೆಸರು ಹೊತ್ತು ಅರಬ್ಬಿಗೆ ಬಂತು. ಸೂಫಿಗಳ ಮಾತಿನಲ್ಲೂ ಆ ಬೆಳಕು ಸೇರಿತು. ಗಜಾಲಿ (ಮರಣ 1111) ತಕರಾರು ಎತ್ತಿದರು: ಬೆಳಗದೆ ಇರೋದು ಸೂರ್ಯನ ಕೈಲಿಲ್ಲ; ದೇವರಾದರೋ ತನ್ನಿಚ್ಛೆಯಿಂದ ಸೃಷ್ಟಿಸಿದ.

ಷರೀಫರ ಈ ಪದ ಆ ವಾದಕ್ಕೆ ಹೋಗೋದಿಲ್ಲ. ಪ್ಲಾಟಿನಸನನ್ನು ಅವರು ಓದಿದ್ದರು ಅಂತಲೂ ನಾನು ಹೇಳೋದಿಲ್ಲ. ಪದದಲ್ಲಿ ಪುಟ್ಟ ಲಾಳಿಗೆ ಇಡೀ ಮಗ್ಗವೇ ತುತ್ತು. ನೇಯುವವನು ಗುಂಡಿಯ ಪಾಲು. ಕೊನೆಗೆ ಹಾಡುವವನೂ ಗುರು ಗೋವಿಂದರ ಪಾದದಲ್ಲಿ ಇಲ್ಲವಾಗುತ್ತಾನೆ. ಇದು ಹೊಮ್ಮುವ ಕತೆಯಲ್ಲ, ಮರಳುವ ಕತೆ. ಜಗತ್ತು ಹೇಗಾಯ್ತು ಅನ್ನೋದಲ್ಲ, ‘ನೇಯುವವನು ನಾನು’ ಅನ್ನೋ ಹಮ್ಮು ಎಲ್ಲಿ ಕರಗಬೇಕು ಅನ್ನೋದೇ ಇಲ್ಲಿಯ ಪ್ರಶ್ನೆ. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಗುಂಡಿಮಗ್ಗಕ್ಕೆ ಕಾಲಿಳಿಸಿ ಕೂತ ನಮ್ಮ ದೇವಾಂಗರಿಗೆ ಇದನ್ನು ಬಿಡಿಸಿ ಹೇಳಬೇಕಾ?