ಮೆಮೊರಿ ಇಲ್ಲವೆಂದಾಗ

ಕೆಂಪಾಪುರದಂಥ ಊರಿನ ರೇಷ್ಮೆ ಹುಳುಮನೆಯಲ್ಲಿ ಉಷ್ಣಾಂಶ, ತೇವಾಂಶ ಅಳೆಯಲು ರಾಸ್ಪ್‌ಬೆರಿ ಪೈ ಪಿಕೊ ಬೋರ್ಡ್ ಸಾಕು. ಪೈಥಾನಿನ ಪುಟ್ಟ ರೂಪವಾದ ಮೈಕ್ರೊಪೈಥಾನ್ ಅದರಲ್ಲಿ ಸಲೀಸಾಗಿ ಓಡುತ್ತದೆ. ಆದರೆ ಅದರ ರ‍್ಯಾಮ್ ಬರೀ 264 ಕಿಲೋಬೈಟ್. ಅಳತೆಗಳನ್ನು ಪಟ್ಟಿಗೆ ಸೇರಿಸುತ್ತಲೇ ಹೋದರೆ ಒಂದು ದಿನ ಜಾಗ ಮುಗಿಯುತ್ತದೆ. ಕೋಡನ್ನು ಓದಿ ಓಡಿಸುವ ಇಂಟರ್‌ಪ್ರಿಟರ್‌ನ ನಿಜವಾದ ಗುಣ ಗೊತ್ತಾಗುವುದು ಆ ಗಳಿಗೆಯಲ್ಲೇ.

ತಪ್ಪನ್ನು ತಿಳಿಸುವುದಕ್ಕೂ ಮೆಮೊರಿ ಬೇಕು, ತೊಡಕಿರುವುದು ಇಲ್ಲಿ. ಅದಕ್ಕೆಂದೇ ದೊಡ್ಡ ಪೈಥಾನ್ 16 ಮೆಮೊರಿ ಎರರ್‌ಗಳನ್ನು ಶುರುವಿನಲ್ಲೇ ಸಿದ್ಧಮಾಡಿ ಇಟ್ಟುಕೊಳ್ಳುತ್ತದೆ. ಅಷ್ಟು ಜಾಗರೂಕತೆ ಇದ್ದರೂ, ಮೆಮೊರಿ ಇಲ್ಲದ ಹೊತ್ತಿನಲ್ಲಿ ಎರರ್ ಮುದ್ರಿಸಲು ಹೋಗಿ ಪೈಥಾನೇ ಅಬಾರ್ಟ್ ಆಗುತ್ತಿತ್ತು. ಪೈಥಾನ್ ತಂಡ ಅದನ್ನು 30817ನೇ ದೋಷವೆಂದು ದಾಖಲಿಸಿಕೊಂಡು ಸರಿಪಡಿಸಿತು.

ಇಂಥ ದೋಷ ಹುಡುಕಲು ಲಿನಕ್ಸ್ ಕಂಪ್ಯೂಟರಿನ ಮೆಮೊರಿಯನ್ನೆಲ್ಲ ತುಂಬಿಸಿ ನೋಡುವುದು ದಂಡದ ಕೆಲಸ. ಲಿನಕ್ಸ್ ಸಾಮಾನ್ಯವಾಗಿ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ. ಬಳಸುವಾಗ ಜಾಗ ಸಾಲದಿದ್ದರೆ ಪ್ರೊಸೆಸನ್ನೇ ಕೊಂದುಹಾಕುತ್ತದೆ. ಇಂಟರ್‌ಪ್ರಿಟರ್‌ಗೆ ಬಾಯಿ ತೆರೆಯಲೂ ಅವಕಾಶವಿಲ್ಲ.

ಬೇಕಾಗಿರುವುದು ಲೆಕ್ಕವಿಟ್ಟು ನಿರಾಕರಿಸುವ ಪರೀಕ್ಷೆ. ಮೆಮೊರಿ ಕೊಡುವ ಕಡೆಯೇ ನಿಂತು ಮೊದಲ ಕೋರಿಕೆಗೆ ಇಲ್ಲವೆನ್ನಬೇಕು. ಮತ್ತೆ ಮೊದಲಿಂದ ಓಡಿಸಿ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ. ಹೀಗೆ ಪ್ರೋಗ್ರಾಂ ಎಲ್ಲೂ ಎಡವದೆ ಮುಗಿಯುವ ತನಕ. ಎಸ್‌ಕ್ಯೂಲೈಟ್ ಡೇಟಾಬೇಸಿನ ತಂಡ ಇದನ್ನು ಎರಡು ಬಗೆಯಲ್ಲಿ ಮಾಡುತ್ತದೆ: ಒಮ್ಮೆ ಆ ಒಂದು ಕೋರಿಕೆಯನ್ನಷ್ಟೇ ನಿರಾಕರಿಸಿ, ಇನ್ನೊಮ್ಮೆ ಅಲ್ಲಿಂದ ಮುಂದಿನದೆಲ್ಲವನ್ನೂ ನಿರಾಕರಿಸಿ. ಎರಡನೆಯದು ಕ್ರೂರ, ಆದರೆ ಅದು ಬೇಕೇಬೇಕು.

1993ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿದ ಲುವಾ ಭಾಷೆಗೆ ಈ ವಿಷಯದಲ್ಲಿ ಮೊದಲ ಮಣೆ ಹಾಕಬೇಕು. ಮೆಮೊರಿ ಕೊಡುವ ಫಂಕ್ಷನ್ನನ್ನೇ ಹೊರಗಿನಿಂದ ಒದಗಿಸಲು ಅದು ಬಿಡುತ್ತದೆ. ಜಾಗ ಸಿಗದಿದ್ದರೆ ಒಳಗಿನ ಕಸವನ್ನೆಲ್ಲ ಗುಡಿಸಿ ಮತ್ತೊಮ್ಮೆ ಕೇಳುತ್ತದೆ. ಆಗಲೂ ಇಲ್ಲವೆಂದರೆ ಮಾತ್ರ ಎರರ್. ಅದರ ಪರೀಕ್ಷೆಗಳಲ್ಲಿ ಮೆಮೊರಿಯ ಮಿತಿಯನ್ನು ಚೂರುಚೂರೇ ಏರಿಸುತ್ತ ಹೋಗಿ, ಕೆಲಸ ಪೂರ್ತಿಯಾಗುವವರೆಗೆ ಬಿಡುವುದಿಲ್ಲ.

ಪೈಥಾನಿಗೆ ಇಂಥ ಸೌಕರ್ಯ ಬಂದದ್ದು ತಡವಾಗಿ. 2014ರ 3.4 ಆವೃತ್ತಿಯಲ್ಲಿ, ವಿಕ್ಟರ್ ಸ್ಟಿನ್ನರ್ ಅವರ ಪ್ರಸ್ತಾವದಂತೆ, ಮೆಮೊರಿ ಕೊಡುವ ಫಂಕ್ಷನ್‌ಗಳನ್ನು ಬದಲಿಸುವ ದಾರಿ ತೆರೆಯಿತು.

ಪೈಥಾನನ್ನು ಮೂಲ ಕೋಡಿನಿಂದ ಕಟ್ಟಿಕೊಂಡವರು ಟೆಸ್ಟ್‌ಸಿಎಪಿಐ ಮಾಡ್ಯೂಲಿನಲ್ಲಿರುವ, ಕೋರಿಕೆಗಳನ್ನು ಹೀಗೆ ಎಣಿಸಿ ನಿರಾಕರಿಸುವ ಸೆಟ್_ನೋಮೆಮೊರಿ ಫಂಕ್ಷನ್ನನ್ನು ಪ್ರಯತ್ನಿಸಿ. ಪ್ರತಿ ಸಲವೂ ಹೊಸ ಪ್ರೊಸೆಸ್‌ನಲ್ಲೇ ಓಡಿಸಿ. ಮೆಮೊರಿ ಎರರ್ ಬಂದರೆ ಸರಿ; ಸೆಗ್‌ಫಾಲ್ಟ್ ಆದರೆ ಎಷ್ಟನೇ ಕೋರಿಕೆಯಲ್ಲಿ ಆಯಿತೆಂದು ಬರೆದಿಟ್ಟುಕೊಂಡು ಪೈಥಾನ್ ತಂಡಕ್ಕೆ ತಿಳಿಸಿ.